ನೂರ ಮೂವತ್ತೆಂಟು ಗ್ರಾಂ ಹೆಚ್ಚು

ಗೆಬ್‌ಹಾರ್ಟ್ ಐಸೆಲೆಯವರು ಅಂಗಡಿಯ ಹೊಸಿಲು ತುಳಿದರೆ ಸಾಕು, ಜರ್ಮನಿಯ ಲೌಟರ್‌ಹೈಮ್ ಊರಿನ ತಕ್ಕಡಿಗಳು ತಮ್ಮಷ್ಟಕ್ಕೆ ತಾವೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಮೂವತ್ತೆಂಟು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಮಾಂಸದಂಗಡಿ, ಬೇಕರಿ, ಪೆಟ್ರೋಲ್ ಬಂಕು, ಸಂತೆಯ ಆಲೂಗಡ್ಡೆ ಗಾಡಿ, ಎಲ್ಲೇ ಆಗಲಿ, ಚರ್ಮದ ಪೆಟ್ಟಿಗೆ ತೆರೆದು, ಬಿಳಿ ಕೈಗವಸು ಹಾಕಿಕೊಂಡು, ಹಿತ್ತಾಳೆಯ ತೂಕದ ಕಲ್ಲುಗಳನ್ನು ಒಂದೊಂದಾಗಿ ತಟ್ಟೆಯ ಮೇಲಿಡುವರು. ಸರಿ ಇದ್ದರೆ ಮುದ್ರೆ, ತಪ್ಪಿದ್ದರೆ ಬೀಗ. ಅಂಗಡಿಯವರು ಕೊಟ್ಟ ಕಾಫಿಯನ್ನು ಒಂದು ದಿನವೂ ಮುಟ್ಟಿದವರಲ್ಲ. ಮುಟ್ಟಿದರೆ ಅದರ ತೂಕ ಎಲ್ಲೋ ಒಂದು ಕಡೆ ಸೇರುತ್ತದೆ ಎಂಬುದು ಅವರ ನಂಬಿಕೆ.

ಅವರು ಬೀಗ ಹಾಕಿದ ತಕ್ಕಡಿಗಳಲ್ಲಿ ಒಂದು ಓಟ್ಮಾರ್ ಬೋಸ್ಲರ್ ಅವರದು. ತೊಂಬತ್ತಾರನೆಯ ಇಸವಿ, ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ. ಬೋಸ್ಲರ್ ಅವರ ಮಾಂಸದಂಗಡಿಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ನಿಂತಿತ್ತು. ತಕ್ಕಡಿ ಅರ್ಧ ಕಿಲೋಗೆ ಆರು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಬೋಸ್ಲರ್ ಬೇಡಿಕೊಂಡರು: ಸೋಮವಾರ ರಿಪೇರಿ ಮಾಡಿಸುತ್ತೇನೆ, ಅಲ್ಲಿಯವರೆಗೆ ಗಿರಾಕಿಗೆ ಹತ್ತು ಗ್ರಾಂ ಹೆಚ್ಚೇ ಹಾಕುತ್ತೇನೆ. ಐಸೆಲೆಯವರು ತಂತಿ ಸುತ್ತಿ ಸೀಸ ಒತ್ತಿದರು. "ಆರು ಗ್ರಾಂ ಅಂದ್ರೆ ಆರು ಗ್ರಾಂ" ಎಂದರು, ಹೊರಟರು.

ಆ ಅಂಗಡಿ ಮತ್ತೆ ಹತ್ತು ವರ್ಷ ನಡೆದು ಮುಚ್ಚಿತು. ಮುಚ್ಚಿಸಿದ್ದು ಐಸೆಲೆಯವರಲ್ಲ, ಊರ ಹೊರಗೆ ಬಂದು ಕೂತ ದೊಡ್ಡ ಮಳಿಗೆ. ಅಲ್ಲಿ ಹ್ಯಾಮಿಗೆ ಸೂಜಿಯಲ್ಲಿ ಉಪ್ಪುನೀರು ಏರಿಸಿ, ನೀರನ್ನೇ ಮಾಂಸದ ಬೆಲೆಗೆ ತೂಗಿ ಮಾರುತ್ತಾರೆ. ಅದಕ್ಕೆ ಬೀಗ ಜಡಿಯುವ ಇನ್ಸ್‌ಪೆಕ್ಟರ್ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಯಾಕೆಂದರೆ ಆ ಪೊಟ್ಟಣದ ಮೇಲೆ ನೀರಿನ ಪ್ರಮಾಣವನ್ನು ಇರುವೆಯ ಕಾಲಿನಷ್ಟು ಅಕ್ಷರದಲ್ಲಿ ಬರೆದಿರುತ್ತಾರೆ. ಬಡವನ ಆರು ಗ್ರಾಂ ಕಳ್ಳತನ, ದೊಡ್ಡವನ ಆರು ಸಾವಿರ ಟನ್ ವ್ಯಾಪಾರ. ಇರಲಿ.

ವಿಧಿಯ ಕುಚೋದ್ಯ ನೋಡಿ: ಅಂಗಡಿ ಮಾರಿದ ಬೋಸ್ಲರ್ ಬಾಡಿಗೆಗೆ ಬಂದದ್ದು ಐಸೆಲೆಯವರು ವಾಸವಿದ್ದ ಕಟ್ಟಡಕ್ಕೇ. ಬೋಸ್ಲರ್ ಮೊದಲ ಮಹಡಿ, ಐಸೆಲೆಯವರು ಎರಡನೆಯದು. ಹದಿನೆಂಟು ವರ್ಷದಲ್ಲಿ ಇಬ್ಬರೂ ಒಂದು ಮಾತಾಡಲಿಲ್ಲ. ಆದರೆ ಈ ಶ್ವಾಬಿಯಾ ಸೀಮೆಯಲ್ಲಿ ಮಾತು ಬಿಟ್ಟವರೂ ಮೆಟ್ಟಿಲು ಗುಡಿಸುವುದನ್ನು ಬಿಡುವಂತಿಲ್ಲ. ವಾರಕ್ಕೊಬ್ಬರ ಸರದಿ. ಸರದಿ ಬಂದವರ ಬಾಗಿಲಿಗೆ 'ಗುಡಿಸುವ ವಾರ' ಎಂದು ಬರೆದ ಮರದ ಹಲಗೆ ನೇತಾಡುತ್ತದೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕೆಲಸ ಮುಗಿಸಿ ಹಲಗೆಯನ್ನು ಮುಂದಿನವರ ಬಾಗಿಲಿಗೆ ಸಿಕ್ಕಿಸಬೇಕು. ಬೋಸ್ಲರ್ ಅದನ್ನು ಐಸೆಲೆಯವರ ಬಾಗಿಲಿಗೆ ಯಾವಾಗಲೂ ಓರೆಯಾಗಿ ಸಿಕ್ಕಿಸುತ್ತಿದ್ದರು. ಇವರು ಬಾಗಿಲು ತೆರೆದು ನೆಟ್ಟಗೆ ಮಾಡುತ್ತಿದ್ದರು. ಅವರ ನಡುವಿನ ಸಂಭಾಷಣೆ ಇಷ್ಟೇ.

ಇಂಥ ಐಸೆಲೆಯವರು ಅರವತ್ತೆಂಟನೆಯ ವಯಸ್ಸಿನಲ್ಲಿ ಗಾಂಜಾ ಬೆಳೆದರು.

ಸೇದುವುದಕ್ಕಲ್ಲ. ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಭಾನುವಾರದ ಒಂದು ಲೋಟ ವೈನನ್ನು ಅಳೆದು ಕುಡಿಯುವವರು. ಆ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರ ಕಾನೂನು ತಂದಿತು: ವಯಸ್ಕರು ಮನೆಯಲ್ಲಿ ಮೂರು ಗಿಡ ಬೆಳೆಸಬಹುದು. ಪತ್ರಿಕೆಯಲ್ಲಿ ಅದನ್ನು ಓದಿದಾಗ ಅವರಿಗೆ ಮೊದಲು ಅನ್ನಿಸಿದ್ದು, ಕೊಟ್ಟ ಹಕ್ಕನ್ನು ಬಳಸದೆ ಬಿಡುವುದು ದುಂದುವೆಚ್ಚ ಎಂದು. ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸಿ ಬಳಸುವ ಸೀಮೆಯವರು ಅವರು. ಸರ್ಕಾರ ಮೂರು ಗಿಡ ಕೊಟ್ಟರೆ ಎರಡನ್ನು ಬಿಟ್ಟುಕೊಡುವುದುಂಟೆ? ನಿವೃತ್ತಿಯಾದ ಮೇಲೆ ಕೈಗೆ ಕೆಲಸವೂ ಇರಲಿಲ್ಲ. ಅಂಚೆಚೀಟಿ ಎರಡು ವರ್ಷದಲ್ಲಿ ಮುಗಿದಿತ್ತು. ಆರ್ಕಿಡ್ ಸಾಕಿದ್ದರು, ಆದರೆ ಆರ್ಕಿಡ್ ತನ್ನ ಪಾಡಿಗೆ ತಾನು ಬದುಕುವ ಗಿಡ, ಅಳೆಯಲು ಅದರಲ್ಲಿ ಏನೂ ಇಲ್ಲ ಎಂದು ಬೇಸತ್ತಿದ್ದರು.

ಇಸ್ತ್ರಿ ಮಾಡುವ ಕೋಣೆಯಲ್ಲಿ ಒಂದು ಮೀಟರ್ ಅಗಲದ ಕಪ್ಪು ಗುಡಾರ ಎದ್ದಿತು. ಒಳಗೆಲ್ಲ ಬೆಳ್ಳಿ ಹಾಳೆ, ಮೇಲೆ ದೀಪ, ಪಕ್ಕದಲ್ಲಿ ಫ್ಯಾನು, ವಾಸನೆ ಹೀರುವುದಕ್ಕೆ ಇದ್ದಿಲು ತುಂಬಿದ ಕೊಳವೆ. ಮೂರು ಕುಂಡಕ್ಕೆ ಮೂರು ಬೀಜ. ಹೆಸರಿಟ್ಟು ಮುದ್ದಾಡುವ ಜಾತಿಯವರಲ್ಲ ಅವರು. ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದರು. ಗೆರೆ ಹಾಕಿದ ನೋಟುಬುಕ್ಕು ತೆರೆದರು. ಬೆಳಿಗ್ಗೆ ಏಳಕ್ಕೆ ಉಷ್ಣಾಂಶ, ತೇವಾಂಶ, ನೀರಿನ ಹುಳಿಯ ಅಂಶ. ಕುಂಡವನ್ನೇ ಎತ್ತಿ ತೂಗಿ, ಎಷ್ಟು ಗ್ರಾಂ ನೀರು ಆರಿದೆಯೋ ಅಷ್ಟೇ ಗ್ರಾಂ ನೀರು. ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಟ್ಟು ಬೆಳೆಸಿ, ಆಮೇಲೆ ಹನ್ನೆರಡಕ್ಕೆ ಇಳಿಸಿದರು; ಬೇಸಿಗೆ ಮುಗಿಯಿತೆಂದು ನಂಬಿ ಗಿಡ ಹೂವಿಗೆ ತೊಡಗುವುದು ಆಗಲೇ. ಗಡಿಯಾರದ ಸ್ವಿಚ್ಚು ಅರ್ಧ ನಿಮಿಷ ಹಿಂದೆ ಬಿದ್ದದ್ದಕ್ಕೆ ಕಂಪನಿಗೆ ಎರಡು ಪತ್ರ ಬರೆದರು.

ಸರ್ಕಾರಿ ಅಧಿಕಾರಿಯೊಬ್ಬರ ಇಷ್ಟು ಗಮನ ಈ ದೇಶದಲ್ಲಿ ಯಾವ ಪ್ರಜೆಗೂ ಸಿಕ್ಕಿರಲಿಕ್ಕಿಲ್ಲ. ಗಿಡಗಳು ಆ ಋಣ ತೀರಿಸಲು ಹಟ ಹಿಡಿದವು. ಎರಡನೆಯದಂತೂ ಗುಡಾರದ ಮೂಲೆಮೂಲೆಗೆ ಕೈ ಚಾಚಿ, ಮೊಣಕೈ ಗಾತ್ರದ ಹೂಗೊಂಚಲು ಹೊತ್ತು, ಕಡ್ಡಿ ಕೊಟ್ಟು ಕಟ್ಟಿದರೂ ಬಾಗಿ ನಿಂತಿತು. ಐಸೆಲೆಯವರು ದಿನಾ ಸಂಜೆ ಭೂತಗನ್ನಡಿ ಹಿಡಿದು ಹೂವಿನ ಮೇಲಿನ ಅಂಟಿನ ಹನಿಗಳನ್ನು ನೋಡುತ್ತಿದ್ದರು. ಹನಿ ಗಾಜಿನಂತಿದ್ದರೆ ಎಳೆಯದು, ಹಾಲಿನಂತಾದರೆ ಹದ, ಜೇನಿನ ಬಣ್ಣ ತಿರುಗಿದರೆ ಹೊತ್ತು ಮೀರಿತು. ನೂರು ಹನಿಯಲ್ಲಿ ಎಷ್ಟು ಹಾಲು, ಎಷ್ಟು ಜೇನು ಎಂದು ಎಣಿಸಿ ಬರೆದರು. ಮೂವತ್ತೆಂಟು ವರ್ಷ ಬೇರೆಯವರ ತಪ್ಪನ್ನೇ ಹುಡುಕಿದ ಕಣ್ಣು ಮೊದಲ ಸಲ ಒಂದು ಜೀವ ಸರಿಯಾಗಿ ಬೆಳೆಯುವುದನ್ನು ನೋಡುತ್ತಿತ್ತು. ಇದನ್ನು ಅವರು ನೋಟುಬುಕ್ಕಿನಲ್ಲಿ ಬರೆಯಲಿಲ್ಲ. ಅದಕ್ಕೆ ಕಾಲಂ ಇರಲಿಲ್ಲ.

ಜನವರಿಯ ಮೊದಲ ವಾರ ಹದ ಬಂತು. ಇಲ್ಲಿ ಅವರು ಒಂದು ತಪ್ಪು ಮಾಡಿದರು, ಅಚ್ಚುಕಟ್ಟಿನ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು. ಗುಡಿಸುವ ಸರದಿ ಹತ್ತಿರ ಬರುತ್ತಿದ್ದುದರಿಂದ, ಮೆಟ್ಟಿಲ ಕೆಲಸ ಗಿಡದ ಕೆಲಸ ಎರಡೂ ಒಂದಕ್ಕೊಂದು ತಾಕಬಾರದೆಂದು ಮೂರೂ ಗಿಡವನ್ನು ಒಂದೇ ದಿನ ಕತ್ತರಿಸಿದರು. ಎಲೆ ಸವರಿ, ಬಟ್ಟೆ ಒಣಗಿಸುವ ದಾರಕ್ಕೆ ಸಮ ಅಂತರದಲ್ಲಿ ನೇತುಹಾಕಿದರು. ಒಂಬತ್ತು ದಿನ ಒಣಗಿಸಿ, ಕಡ್ಡಿ ಬಗ್ಗಿಸಿದರೆ ಲಟಕ್ಕೆನ್ನುವ ಹದಕ್ಕೆ ಬಂದಾಗ, ತಾವೇ ಕೊಂಡಿದ್ದ ಔಷಧಿ ತಕ್ಕಡಿಯ ಮೇಲಿಟ್ಟರು.

ನೂರ ಎಂಬತ್ತೆಂಟು ಗ್ರಾಂ.

ಅವರು ಹೋಗಿ ಕಾನೂನಿನ ಪುಸ್ತಕ ತಂದರು. ಮೂರು ಗಿಡ ಎಂಬುದರ ಕೆಳಗೆ ತಾವೇ ಎಳೆದ ಪೆನ್ಸಿಲ್ ಗೆರೆ ಇತ್ತು. ಮುಂದಿನ ಸಾಲಿನಲ್ಲಿ, ಒಣಗಿದ ಮಾಲು ಮನೆಯಲ್ಲಿ ಐವತ್ತು ಗ್ರಾಂ ಮೀರಬಾರದು ಎಂದಿತ್ತು. ಅದನ್ನು ಅವರು ಓದದೆ ಇರಲಿಲ್ಲ. ಯಾವುದೋ ಕೈಪಿಡಿ, ಹವ್ಯಾಸಿಗೆ ಗಿಡಕ್ಕೆ ಹದಿನೈದು ಗ್ರಾಂ ಸಿಕ್ಕರೆ ಪುಣ್ಯ ಎಂದಿದ್ದನ್ನು ನಂಬಿ, ಮೂರು ಹದಿನೈದಲೆ ನಲವತ್ತೈದು, ಐದು ಗ್ರಾಂ ಉಳಿಯಿತಲ್ಲ ಎಂದು ಸಮಾಧಾನವಾಗಿದ್ದರು. ಆ ಹವ್ಯಾಸಿ ತಾವಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಈ ಕಾನೂನು ಬರೆದವರು ಜನ್ಮದಲ್ಲಿ ಒಂದು ತುಳಸಿ ಗಿಡಕ್ಕೂ ನೀರು ಹಾಕಿದವರಲ್ಲ. ಮೂರು ಹಸು ಸಾಕು, ಆದರೆ ಮನೆಯಲ್ಲಿ ಒಂದು ಸೇರು ಹಾಲು ಮಾತ್ರ ಇರಲಿ ಎಂದಂತಾಯಿತು. ಹೆಚ್ಚಾದದ್ದನ್ನು ಮಾರುವಂತಿಲ್ಲ, ಸರಿ. ಪಕ್ಕದ ಮನೆಯವರಿಗೆ ಒಂದು ಚಿಟಿಕೆ ಕೊಡುವಂತೆಯೂ ಇಲ್ಲ. ಇಟ್ಟುಕೊಂಡರೆ ಐವತ್ತಕ್ಕೆ ದಂಡ, ಅರವತ್ತು ಗ್ರಾಂ ದಾಟಿದ ಕೂಡಲೇ ಅಪರಾಧ. ಸೋಮಾರಿ ಬೆಳೆಗಾರ ಸಜ್ಜನ, ಶ್ರದ್ಧೆಯವನು ಪಾತಕಿ. ಐಸೆಲೆಯವರಿಗೆ ಕಾನೂನಿನ ಮೇಲೆ ಸಿಟ್ಟು ಬರಲಿಲ್ಲ, ಅದು ಅವರ ಸ್ವಭಾವವಲ್ಲ. ಕುರ್ಚಿಯ ಮೇಲೆ ಕೂತರು. ನೂರ ಮೂವತ್ತೆಂಟು ಗ್ರಾಂ ಹೆಚ್ಚು. ಆರು ಗ್ರಾಮಿಗೆ ಬೀಗ ಜಡಿದ ಮನುಷ್ಯ.

ಮೂರನೆಯ ದಿನ ಬಾಗಿಲ ಗಂಟೆ ಬಾರಿಸಿತು. ತೆರೆದರೆ ಬೋಸ್ಲರ್. ದಪ್ಪ ಕತ್ತು, ಕೆಂಪು ಕೈ, ಎಪ್ಪತ್ತೊಂದರ ದೇಹ. ಆ ದೇಹಕ್ಕೂ ಮುಂದಾಗಿ ಒಳಗೆ ಬಂದದ್ದು ಅವರ ಮೂಗು. ಮೂವತ್ತೈದು ವರ್ಷ ಸಾಸೇಜಿಗೆ ಮಸಾಲೆ ಬೆರೆಸಿದ ಮೂಗದು. ಇದ್ದಿಲ ಕೊಳವೆ ಗುಡಾರದ ವಾಸನೆಯನ್ನೇನೋ ತಡೆದಿತ್ತು, ಆದರೆ ದಾರಕ್ಕೆ ನೇತುಹಾಕಿದ್ದರ ವಾಸನೆ ಮೆಟ್ಟಿಲಿಳಿದು ಅವರ ಅಡುಗೆಮನೆಗೆ ಹೋಗಿತ್ತು.

"ಎಷ್ಟಿದೆ, ಹೆರ್ ಐಸೆಲೆ?" ಎಂದರು ಬೋಸ್ಲರ್. ಹದಿನೆಂಟು ವರ್ಷದ ಮೌನ ಮುರಿದ ಮೊದಲ ಮಾತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಾದರೂ ಒಂದು ಕ್ಷಣ ತಡೆಯುತ್ತಾರೆ. ಇವರು ಅಷ್ಟೂ ತಡೆಯಲಿಲ್ಲ. "ನೂರ ಎಂಬತ್ತೆಂಟು. ಒಣಗಿದ ತೂಕ."

"ಇರಬೇಕಾದ್ದು?"

"ಐವತ್ತು."

ಬೋಸ್ಲರ್ ಮುಖದಲ್ಲಿ ಕ್ರಿಸ್‌ಮಸ್ ದೀಪ ಹತ್ತಿದಂತಾಯಿತು. ಬಾಗಿಲ ಚೌಕಟ್ಟಿಗೆ ಒರಗಿ, ಒಂದೊಂದು ಮಾತನ್ನೂ ಚೂರಿಯಲ್ಲಿ ಹೆಚ್ಚಿಟ್ಟ ಹಾಗೆ ಹೇಳಿದರು: "ಆವತ್ತು ನನಗೆ ಸೋಮವಾರದ ತನಕ ಟೈಮ್ ಕೊಡ್ಲಿಲ್ಲ ನೀವು. ನಾನು ನಿಮ್ಮಷ್ಟು ಕೆಟ್ಟವನಲ್ಲ. ಶನಿವಾರ ಹನ್ನೆರಡಕ್ಕೆ ಹಲಗೆ ನನ್ನ ಬಾಗಿಲಿಗೆ ಬರುತ್ತಲ್ಲ, ಆಗ ನಾನೇ ಮೇಲೆ ಬಂದು ನೋಡ್ತೀನಿ. ಐವತ್ತಿದ್ರೆ ಸರಿ. ಒಂದು ಗ್ರಾಂ ಹೆಚ್ಚಿದ್ರೂ ಪೊಲೀಸಿಗೆ ಬರೀತೀನಿ. ನೀವು ಒಳ್ಳೆ ಕತ್ತೆ, ಹೆರ್ ಐಸೆಲೆ. ಆದ್ರೆ ಪ್ರಾಮಾಣಿಕ ಕತ್ತೆ, ಅದನ್ನ ಒಪ್ಕೋತೀನಿ."

ಬಾಗಿಲು ಮುಚ್ಚಿದ ಐಸೆಲೆಯವರಿಗೆ ಬೋಸ್ಲರ್ ಮೇಲೆ ಎಳ್ಳಷ್ಟೂ ಕೋಪ ಬರಲಿಲ್ಲ. ಅವರ ಜಾಗದಲ್ಲಿ ತಾವಿದ್ದರೆ ಇಷ್ಟು ಹೊತ್ತಿಗೆ ಬರೆದು ಅಂಚೆಗೆ ಹಾಕಿ ಆಗಿರುತ್ತಿತ್ತು.

ಐದು ದಿನವಿತ್ತು. ಸುಡೋಣವೆಂದರೆ ಹೊಗೆ ಇಡೀ ಕಟ್ಟಡದ ತಲೆಗೇರುತ್ತದೆ, ಮೂರನೆಯ ಮಹಡಿಯ ಮುದುಕಿ ಹಾಡಲು ಶುರುಮಾಡಬಹುದು. ಶೌಚಕ್ಕೆ ಹಾಕಿ ನೀರು ಬಿಡೋಣವೆಂದರೆ ಅಡುಗೆ ಕಸ ಚರಂಡಿಗೆ ಬಿಡಬಾರದೆಂಬ ಪುರಸಭೆಯ ನಿಯಮ. ಹಸಿ ಕಸದ ತೊಟ್ಟಿಗೆ ಬೀಗವಿಲ್ಲ, ಹಿತ್ತಲಲ್ಲಿ ಮಕ್ಕಳು ಆಡುತ್ತವೆ. ಪುರಸಭೆಯ ಕಸದ ಕ್ಯಾಲೆಂಡರಿನಲ್ಲಿ ಮೊಟ್ಟೆ ಚಿಪ್ಪು ಎಲ್ಲಿ, ಸತ್ತ ಇಲಿ ಎಲ್ಲಿ, ಕೃತಕ ಹಲ್ಲು ಎಲ್ಲಿ, ಎಲ್ಲವೂ ಇತ್ತು. ಇದೊಂದು ಇರಲಿಲ್ಲ. ಫೋನು ಮಾಡಿದರೆ ಪುರಸಭೆಯವರು ಕಸದಂಗಳಕ್ಕೆ ಕೇಳಿ ಎಂದರು, ಕಸದಂಗಳದವರು ಬಿದ್ದು ಬಿದ್ದು ನಕ್ಕು ಪೊಲೀಸಿಗೆ ಕೇಳಿ ಎಂದರು. ಪೊಲೀಸ್ ಠಾಣೆಯಲ್ಲಿ ಫೋನೆತ್ತಿದ ಫ್ರೌ ತೊಪ್ರಾಕ್ ಎಂಬ ತುರ್ಕಿ ಮೂಲದ ಹೆಣ್ಣುಮಗಳು ಸಮಾಧಾನವಾಗಿ, ತಂದು ಕೊಟ್ಟುಬಿಡಿ ಎಂದಳು.

ಅವರು ಕೋಟು ಹಾಕಿಕೊಂಡು, ಡಬ್ಬಿ ಹಿಡಿದು, ಹೊಸಿಲ ಬಳಿ ನಿಂತುಬಿಟ್ಟರು. ಬೀದಿಯಲ್ಲಿ ಒಬ್ಬ ಮನುಷ್ಯ ಇಪ್ಪತ್ತೈದು ಗ್ರಾಂ ಮೀರಿ ಒಯ್ಯುವಂತಿಲ್ಲ. ವಾಪಸ್ ಬಂದು ಮತ್ತೆ ಫೋನು ಮಾಡಿದರು: ಕಾನೂನು ಮೀರಿದ ಮಾಲನ್ನು ಕಾನೂನು ಮೀರದೆ ನಿಮ್ಮಲ್ಲಿಗೆ ತರುವುದು ಹೇಗೆ?

"ನಾವು ಬರಬಹುದು," ಎಂದಳು ಫ್ರೌ ತೊಪ್ರಾಕ್. "ಆದ್ರೆ ನಾವು ಬಂದ್ರೆ ಅದು ದಾಳಿ ಆಗುತ್ತೆ, ಸಾರ್."

ಹಾಗಾಗಿ ಕ್ರಿಸ್‌ಮಸ್ ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ಇಪ್ಪತ್ನಾಲ್ಕು ಬಿಂದು ಒಂಬತ್ತು ಗ್ರಾಂ ತೂಗಿ ಹಾಕಿದರು. ಬಿಂದು ಒಂದನ್ನು ದಾರಿಯಲ್ಲಿ ಮಾಲು ಹೀರಬಹುದಾದ ಗಾಳಿಯ ತೇವಕ್ಕೆ ಬಿಟ್ಟರು. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿ ಠಾಣೆಗೆ ಹೋದರು. ಹೀಗೆ ಆರು ಸಲ ಬರಬೇಕಾಗುತ್ತದೆ ಎಂದು ಮೊದಲೇ ತಿಳಿಸಿದರು. ಫ್ರೌ ತೊಪ್ರಾಕ್ ಫಾರಂ ತೆಗೆದಳು. ವಶಪಡಿಸಿಕೊಂಡ ಸ್ಥಳ, ಆರೋಪಿಯ ಹೆಸರು, ಓಡಿಹೋಗಲು ಯತ್ನಿಸಿದನೇ. ತಾನೇ ಬಸ್ಸಿನಲ್ಲಿ ತಂದುಕೊಟ್ಟವನಿಗೆ ಫಾರಮೇ ಇರಲಿಲ್ಲ. ಅವಳು ಯೋಚಿಸಿ, ಕೊಡೆ, ಬೀಗದ ಕೈ, ಒಂಟಿ ಕೈಗವಸು ಬರೆದುಕೊಳ್ಳುವ 'ಬಿದ್ದು ಸಿಕ್ಕ ವಸ್ತು' ಪುಸ್ತಕದಲ್ಲಿ ಬರೆದುಕೊಂಡಳು.

ಬುಧವಾರ ಎರಡನೆಯ ಡಬ್ಬಿ. ಆ ದಿನ ಅವಳೇ ಕಾಫಿ ತಂದಿಟ್ಟಳು. ಅವರು ಮುಟ್ಟಲಿಲ್ಲ. ಅವಳು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಶ್ವಾಬಿಯಾದ ಗೊಗ್ಗರು ಧಾಟಿಯಲ್ಲೇ ಹೇಳಿದಳು: "ನನ್ನ ತಮ್ಮನ್ನ ಇದೇ ಠಾಣೆಗೆ ಕರ್ಕೊಂಡು ಬಂದಿದ್ರು. ಐದು ವರ್ಷ ಆಯ್ತು. ಹನ್ನೊಂದು ಗ್ರಾಂ. ನೀವು ಕೂತಿದೀರಲ್ಲ, ಆ ಕುರ್ಚಿ ಅವನಿಗೆ ಕೊಡ್ಲಿಲ್ಲ. ಗೋಡೆ ಕಡೆ ತಿರುಗಿಸಿ ನಿಲ್ಲಿಸಿದ್ರು. ವೆಲ್ಡಿಂಗ್ ಕಲೀತಿದ್ದ, ಅದೂ ಹೋಯ್ತು."

ಐಸೆಲೆಯವರು ಕುರ್ಚಿಯಿಂದ ಎದ್ದರು. "ಹನ್ನೊಂದೇ?" ಎಂದರು. ಅಳತೆ ಬಿಟ್ಟರೆ ಅವರಲ್ಲಿ ಬೇರೆ ಭಾಷೆ ಇರಲಿಲ್ಲ. ಆದರೆ ಆ ಮಾತಿನಲ್ಲಿ ಏನಿತ್ತೆಂದು ಅವಳಿಗೆ ಅರ್ಥವಾಗಿರಬೇಕು, ಯಾಕೆಂದರೆ ಹೂಂ ಎಂದು ತಲೆಯಾಡಿಸಿ ಮುದ್ರೆ ಒತ್ತಿದಳು. ಅದೇ ಗಿಡ, ಅದೇ ಠಾಣೆ. ತಲೆ ನರೆತ ಮೇಷ್ಟ್ರಂಥ ಮುಖಕ್ಕೆ ಕಾಫಿ, ಕಪ್ಪು ಕೂದಲ ಹುಡುಗನಿಗೆ ಗೋಡೆ. ಕಾನೂನು ಬದಲಾದದ್ದು ಏಪ್ರಿಲ್ ಒಂದರಂದು. ಕುರ್ಚಿ ಯಾರಿಗೆ ಎಂಬುದು ಮಾತ್ರ ಯಾವ ಏಪ್ರಿಲ್‌ನಲ್ಲಿ ಬದಲಾಗುತ್ತದೋ.

ಗುರುವಾರ ಮೂರನೆಯ ಡಬ್ಬಿ ಕೊಟ್ಟು ರಸೀದಿ ಪಡೆದಾಗ, ಅದರ ಹಿಂಬದಿಯಲ್ಲಿ ಅಚ್ಚಾಗಿದ್ದದ್ದನ್ನು ಓದಿದರು: ಬಿದ್ದು ಸಿಕ್ಕ ವಸ್ತುವನ್ನು ಆರು ತಿಂಗಳೊಳಗೆ ಯಾರೂ ಕೇಳದಿದ್ದರೆ ಅದು ತಂದುಕೊಟ್ಟವರಿಗೇ ಸೇರತಕ್ಕದ್ದು.

ಅಂದರೆ ಜುಲೈನಲ್ಲಿ ಇದೆಲ್ಲ ತಮ್ಮ ಮನೆಗೇ ಬರುತ್ತದೆ, ಸರ್ಕಾರಿ ಗೌರವದೊಂದಿಗೆ. ಅವರು ಅಲ್ಲೇ ನಿಂತು, ತಮ್ಮ ಹಕ್ಕನ್ನು ಬಿಟ್ಟುಕೊಡುವುದಾಗಿ ಮೂರು ಪ್ರತಿ ಬರೆಯತೊಡಗಿದರು. ಆ ಹೊತ್ತಿಗೆ ರಜೆ ಮುಗಿಸಿ ಬಂದಿದ್ದ ಠಾಣೆಯ ಮುಖ್ಯಸ್ಥರು ಕೊಡೆಗಳ ಕಪಾಟು ತೆರೆದರು, ಮೂಸಿದರು, ಪುಸ್ತಕ ನೋಡಿದರು. ತಂದದ್ದನ್ನು ನಾಶ ಮಾಡಿಸುತ್ತೇನೆ, ಇನ್ನು ಒಂದು ಎಲೆ ತಂದರೂ ಒಳಗೆ ಹಾಕುತ್ತೇನೆ, ಉಳಿದದ್ದನ್ನು ಮನೆಯಲ್ಲೇ ಹಾಳು ಮಾಡಿ, ಯಾರಿಗೂ ಉಪಯೋಗವಾಗದ ಹಾಗೆ ಎಂದು ಕೂಗಾಡಿದರು. ಫ್ರೌ ತೊಪ್ರಾಕ್ ಮೇಲೂ ಹರಿಹಾಯ್ದರು. ಐಸೆಲೆಯವರು ಖಾಲಿ ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದರು. ಮೂರು ಸಲಕ್ಕೆ ಎಪ್ಪತ್ನಾಲ್ಕು ಬಿಂದು ಏಳು ಹೋಗಿತ್ತು. ಮನೆಯಲ್ಲಿ ಇನ್ನೂ ಅರವತ್ಮೂರು ಬಿಂದು ಮೂರು ಹೆಚ್ಚು.

ಶುಕ್ರವಾರ ಅವರು ಏನೂ ಮಾಡಲಿಲ್ಲ. ಹಾಳು ಮಾಡುವ ಸಿದ್ಧತೆಯೇನೋ ಆಯಿತು: ಒಂದು ಬಕೆಟ್ಟು, ವಾರದ ಕಾಫಿ ಚರಟ, ಪಾತ್ರೆ ತೊಳೆಯುವ ಸೋಪಿನ ನೀರು. ಗಾಜಿನ ಭರಣಿಗಳನ್ನು ಸಾಲಾಗಿ ಇಟ್ಟರು. ಬಕೆಟ್ಟಿನ ಮೇಲೆ ಮೊದಲ ಭರಣಿ ಬಗ್ಗಿಸಿದರು. ಬಗ್ಗಿಸಿದ್ದನ್ನು ಹಾಗೇ ನೆಟ್ಟಗೆ ಮಾಡಿ ಕೆಳಗಿಟ್ಟರು. ಮಧ್ಯಾಹ್ನ ಬೇಳೆ ಸಾರು, ಶ್ಪೇಟ್ಸ್ಲೆ ಎಂಬ ಹಿಟ್ಟಿನ ಶಾವಿಗೆ ತಿಂದು ಮತ್ತೆ ಬಂದರು, ಮತ್ತೆ ಕೆಳಗಿಟ್ಟರು. ಬಾಯಲ್ಲಿ ಬಿಸಿ ತುಪ್ಪ. ಹಳಸಿದ ಬ್ರೆಡ್ಡನ್ನೂ ಎಸೆಯದೆ ಹಾಲಿನಲ್ಲಿ ನೆನೆಸಿ ಉಂಡೆ ಕಟ್ಟಿ ತಿನ್ನುವ ಕುಲ. ಆ ಕುಲದ ಮನುಷ್ಯ ತನ್ನ ಜೀವಮಾನದ ಅತ್ಯುತ್ತಮ ಕೆಲಸವನ್ನು ಸೋಪಿನ ನೀರಿಗೆ ಹಾಕಬೇಕಿತ್ತು.

ಶನಿವಾರ ಬೆಳಿಗ್ಗೆ ಮೆಟ್ಟಿಲು ಗುಡಿಸಿ, ಒರೆಸಿ, ಹನ್ನೆರಡಕ್ಕೆ ಹಲಗೆಯನ್ನು ಬೋಸ್ಲರ್ ಬಾಗಿಲಿಗೆ ಸಿಕ್ಕಿಸಿದರು. ಮೇಲೆ ಹತ್ತಿ ಬಂದು ತಮ್ಮ ಬಾಗಿಲನ್ನು ತೆರೆದೇ ಇಟ್ಟರು. ಬೋಸ್ಲರ್ ಬಂದರು. ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು.

"ನೂರ ಹದಿಮೂರು ಬಿಂದು ಮೂರು," ಎಂದರು ಐಸೆಲೆ. "ನನ್ನ ಕೈಲಿ ಆಗಲಿಲ್ಲ. ನೀವು ಬರೀಬಹುದು."

ಬೋಸ್ಲರ್ ಮೂಗು ಆಗಲೇ ಭರಣಿಗಳ ಕಡೆ ಹೊರಟಿತ್ತು. ಎರಡನೆಯ ಗಿಡದ ಭರಣಿಯ ಮುಚ್ಚಳ ತೆಗೆದರು. ಕಣ್ಣು ಮುಚ್ಚಿದರು. ಕರಿಮೆಣಸು ಎಂದರು. ಸ್ವಲ್ಪ ತಡೆದು, ಕೊತ್ತಂಬರಿ ಬೀಜ ಎಂದರು. ಆಮೇಲೆ ಕಿತ್ತಳೆ ಸಿಪ್ಪೆ, ಆಮೇಲೆ, ಬಹಳ ಹಿಂದೆ ಎಲ್ಲೋ, ಜಾಯಿಕಾಯಿ. ಒಂದು ಹೂವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, ಒಳ್ಳೆಯ ಹ್ಯಾಮು ನೋಡುವಂತೆ ತಿರುಗಿಸಿ ನೋಡಿದರು. ನೋಟುಬುಕ್ಕು ತೆರೆದು ನಾಲ್ಕು ತಿಂಗಳ ಅಂಕಿಗಳ ಮೇಲೆ ಬೆರಳಾಡಿಸಿದರು. ಕೆಲಸ ಬಲ್ಲವನಿಗೆ ಕೆಲಸ ಗೊತ್ತಾಗುತ್ತದೆ. ಶತ್ರುವಿನದಾದರೂ ಗೊತ್ತಾಗುತ್ತದೆ, ಅದೇ ಕಷ್ಟ.

ಅವರು ಕುರ್ಚಿ ಎಳೆದು ಕೂತರು.

"ಆ ಶನಿವಾರ ನನ್ನ ಹತ್ರ ನಲವತ್ತು ಕಿಲೋ ಲಿವರ್ ಸಾಸೇಜ್ ಇತ್ತು," ಎಂದರು. "ಹಿಂದಿನ ರಾತ್ರಿ ಎಲ್ಲ ಕೂತು ಮಾಡಿದ್ದು. ತಕ್ಕಡಿ ಇಲ್ದೆ ಮಾರೋ ಹಾಗಿಲ್ಲ. ಹಬ್ಬ ಮುಗಿಯೋ ಹೊತ್ತಿಗೆ ಹುಳಿ ಬಂತು. ನಾನೇ ಎಸೆದೆ, ಒಂದೊಂದೇ. ನೀವು ಬೀಗ ಹಾಕಿ ಹೋದ್ರಿ, ಎಸೆಯೋದನ್ನ ನೋಡೋಕೆ ನಿಲ್ಲಲಿಲ್ಲ."

"ಇಲ್ಲ," ಎಂದರು ಐಸೆಲೆ. "ನಿಲ್ಲಲಿಲ್ಲ."

"ನಾನು ನಿಲ್ತೀನಿ. ಹಾಕಿ."

ಬೋಸ್ಲರ್ ಬಕೆಟ್ಟನ್ನು ಮೊಣಕಾಲ ಸಂದಿಯಲ್ಲಿ ಗಟ್ಟಿಯಾಗಿ ಹಿಡಿದರು. ಐಸೆಲೆಯವರು ಬಿಳಿ ಕೈಗವಸು ಹಾಕಿಕೊಂಡರು. ಮೂರನೆಯ ಗಿಡದ್ದು ಹೋಯಿತು, ಒಂದನೆಯದು ಹೋಯಿತು. ಇನ್ನೂ ಸಾಲಲಿಲ್ಲ. ಎರಡನೆಯದರಲ್ಲಿ ಸಣ್ಣ ಸಣ್ಣದನ್ನು ಆರಿಸಿ ಆರಿಸಿ ಹಾಕಿದರು. ಬೋಸ್ಲರ್ ಮರದ ಸೌಟಿನಲ್ಲಿ ಸೋಪು, ಕಾಫಿ ಚರಟ, ಹೂವು ಎಲ್ಲ ಸೇರಿಸಿ, ಸಾಸೇಜಿನ ಹೂರಣ ಕಲಸುವ ಅಭ್ಯಾಸದ ಕೈಯಲ್ಲಿ ಮೂರು ಸುತ್ತು ಕಲಸಿದರು. ಕೋಟಿನ ತೋಳಿಗೆ ನೊರೆ ಸಿಡಿಯಿತು. ನಿಮ್ಮ ದೆಸೆಯಿಂದ ಕೋಟೂ ಹೋಯಿತು ಎಂದು ಬೈದರು.

ಉಳಿದದ್ದನ್ನು ಐಸೆಲೆಯವರು ತಕ್ಕಡಿಗಿಟ್ಟರು. ಐವತ್ತು ಬಿಂದು ಸೊನ್ನೆ. ಮೂವತ್ತೆಂಟು ವರ್ಷದ ನಿಟ್ಟುಸಿರು ಬಿಟ್ಟರು.

ಬೋಸ್ಲರ್ ಬಗ್ಗಿ ತಕ್ಕಡಿಯ ಹಿಂಬದಿ ನೋಡಿದರು. ಅಲ್ಲಿದ್ದ ಇಲಾಖೆಯ ಚೀಟಿಯನ್ನು ಬೆರಳುಗುರಿನಲ್ಲಿ ಕೆರೆದು ಓದಿದರು. "ಹೆರ್ ಐಸೆಲೆ, ಈ ಮುದ್ರೆಯ ಅವಧಿ ಮುಗಿದು ಎರಡು ವರ್ಷ ಆಗಿದೆಯಲ್ರೀ."

ಮನುಷ್ಯನ ಮುಖದಿಂದ ರಕ್ತ ಇಷ್ಟು ಬೇಗ ಇಳಿಯಬಹುದೆಂದು ಬೋಸ್ಲರ್ ತಿಳಿದಿರಲಿಲ್ಲ. ಹಂದಿಗಳಲ್ಲಿ ಕಂಡಿದ್ದರು. ಮನೆಬಳಕೆಗೆ ಮುದ್ರೆ ಬೇಡ ಎಂದು ಕಾನೂನೇ ಹೇಳುತ್ತದೆ, ಐಸೆಲೆಯವರಿಗೆ ಅದು ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಆದರೂ ಅವರು ಆ ವಾದ ಹೂಡಲಿಲ್ಲ. ಬಕೆಟ್ಟಿನ ನೊರೆಯನ್ನು ನೋಡುತ್ತ, ಎಷ್ಟು ತೆಗೆದರೆ ಸಂದೇಹಕ್ಕೆ ಜಾಗವಿರುವುದಿಲ್ಲ ಎಂದು ಕೇಳಿದರು. ಬೋಸ್ಲರ್ ಬೆರಳು ಮಡಚಿ ಲೆಕ್ಕ ಹಾಕಿದಂತೆ ನಟಿಸಿದರು.

"ಆರು ಗ್ರಾಂ," ಎಂದರು.

ಆರು ಗ್ರಾಂ ಬಕೆಟ್ಟಿಗೆ ಹೋಯಿತು. ಉಳಿದ ಭರಣಿಗೆ ಮುಚ್ಚಳ ಹಾಕಿ, ಬೀಗವಿರುವ ಕಪಾಟಿನಲ್ಲಿಟ್ಟರು. ಇದನ್ನು ಏನು ಮಾಡುತ್ತೀರಿ, ನೀವು ಸೇದುವವರಲ್ಲವಲ್ಲ ಎಂದು ಬೋಸ್ಲರ್ ಕೇಳಿದರು. ನೋಡುತ್ತೇನೆ ಎಂದರು ಐಸೆಲೆ. ಬೋಸ್ಲರ್, ಸೊಂಟ ನೋವಿಗೆ ಇದು ಒಳ್ಳೆಯದೆಂದು ಕೇಳಿದ್ದೇನೆ, ನನಗಂತೂ 'ನೋಡುವ' ಅಭ್ಯಾಸವಿಲ್ಲ, ಒಂದೇ ಒಂದು ಚಿಟಿಕೆ ಎಂದು ರಾಗ ಎಳೆದರು.

"ಕೊಡೋ ಹಾಗಿಲ್ಲ, ಹೆರ್ ಬೋಸ್ಲರ್."

"ಗೊತ್ತಿತ್ತು," ಎಂದು ಬೋಸ್ಲರ್ ಬಕೆಟ್ಟು ಎತ್ತಿಕೊಂಡರು. ನೋವಿದ್ದವನಿಗೆ ಚಿಟಿಕೆ ಕೊಡುವುದು ಅಪರಾಧ, ಹಿಡಿಗಟ್ಟಲೆ ಸೋಪಿನಲ್ಲಿ ಕಲಸುವುದು ಕರ್ತವ್ಯ. ಈ ಕಾನೂನನ್ನು ಓದಿ ನಗುವವರು ನಗಲಿ. ಅದನ್ನು ಪಾಲಿಸಿದವರ ಅಡುಗೆಮನೆಯಲ್ಲಿ ಆ ದಿನ ನಗು ಇರಲಿಲ್ಲ.

ಸೋಮವಾರ ಬೋಸ್ಲರ್ ಬಾಗಿಲ ಕೆಳಗೆ ಒಂದು ಕಾಗದ ತೂರಿಬಂತು. ಬೀಜ ಮಾರುವ ಅಂಗಡಿಯ ವಿಳಾಸ, ಗುಡಾರದ ಅಳತೆ, ನೀರಿನ ಹುಳಿ, ಹದಿನಾಲ್ಕು ಅಂಶಗಳ ಸೂಚನೆ. ಬೋಸ್ಲರ್ ತಮ್ಮ ಮೂರು ಗಿಡಗಳನ್ನು ತಾವೇ ಬೆಳೆದರು. ಹದಿನಾಲ್ಕರಲ್ಲಿ ಹನ್ನೊಂದು ಅಂಶ ಓದಲಿಲ್ಲ. ಗುಡಾರದ ಬದಲು ಹಳೆಯ ಮಾಂಸದ ಕಪಾಟು. ನೆನಪಾದಾಗ ನೀರು, ನೆನಪಾಗದಾಗ ಉಳಿದ ಬಿಯರು. ಗಿಡಗಳಿಗೆ ಫುಟ್‌ಬಾಲ್ ವ್ಯಾಖ್ಯಾನ ಕೇಳಿಸಿದರು. ಒಂದು ಗಿಡ ಗಂಡಾಗಿ ಉಳಿದೆರಡಕ್ಕೂ ಬೀಜ ಕಟ್ಟಿಸಿ ಹೂವು ಕೆಡಿಸಿತು. ಐಸೆಲೆಯವರು ವಾರಕ್ಕೊಮ್ಮೆ ಕೆಳಗಿಳಿದು, ಕಪಾಟಿನ ಮುಂದೆ ಕೈ ಹಿಂದೆ ಕಟ್ಟಿ ನಿಲ್ಲುವರು. ಬೇರೆಯವರ ಗಿಡ ಮುಟ್ಟಿದರೆ ಅದು ಕೂಡು ಬೇಸಾಯವಾದೀತೆಂದು ಅವರ ಅಂಜಿಕೆ. ಹಳದಿ ಎಲೆ ಕಂಡಾಗ ಅವರ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದವು.

ಜೂನ್‌ನಲ್ಲಿ ಕೊಯ್ಲಾಯಿತು. ತೂಗುವುದಕ್ಕೆ ಬೋಸ್ಲರ್ ಕರೆಕಳಿಸಿದರು. ಐಸೆಲೆಯವರು ಹೊಸ ಮುದ್ರೆ ಹಾಕಿಸಿದ ತಕ್ಕಡಿ ಹೊತ್ತು ಇಳಿದರು. ಮೂರೂ ಗಿಡ ಸೇರಿ, ಬೀಜ ಕಡ್ಡಿ ಎಲ್ಲ ಸೇರಿ, ನಲವತ್ತೊಂದು ಗ್ರಾಂ. ಹಸಿ ಹುಲ್ಲಿನ ವಾಸನೆ, ಜೊತೆಗೆ ಸ್ವಲ್ಪ ಬೂಷ್ಟು. ಬೋಸ್ಲರ್ ಎದೆ ಮುಂದೆ ಮಾಡಿ ನಿಂತಿದ್ದರು. ಈ ದೇಶದ ಕಾನೂನು ಯಾರನ್ನು ಕಣ್ಣ ಮುಂದಿಟ್ಟುಕೊಂಡು ಬರೆಯಲ್ಪಟ್ಟಿತ್ತೋ ಆ ಪ್ರಜೆ ಕೊನೆಗೂ ಸಿಕ್ಕಿದ್ದ.

"ಹೇಳಿ ಹೇಗಿದೆ," ಎಂದರು ಬೋಸ್ಲರ್.

ಐಸೆಲೆಯವರು ಭೂತಗನ್ನಡಿ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಸುಳ್ಳು ಬರುವುದಿಲ್ಲ ಅವರಿಗೆ.

"ನಿಯಮದೊಳಗಿದೆ, ಹೆರ್ ಬೋಸ್ಲರ್," ಎಂದರು.

ಅಷ್ಟು ವರ್ಷ ಅಂಗಡಿ ನಡೆಸಿದ ಬೋಸ್ಲರ್‌ಗೆ ಆ ಬಾಯಿಂದ ಇಷ್ಟು ದೊಡ್ಡ ಮಾತು ಎಂದೂ ಬಂದಿರಲಿಲ್ಲ. ಅವರು ಕಾಫಿ ಬೆರೆಸಿ ತಂದು ಮುಂದಿಟ್ಟರು. ಐಸೆಲೆಯವರು ಬಟ್ಟಲನ್ನು ಸ್ವಲ್ಪ ಹೊತ್ತು ನೋಡಿ, ಕುಡಿದರು.